14,28,57,143 ಎಂಬ ಸಂಖ್ಯೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ, ಠಾಣೆ ಮತ್ತು ಡೊಂಬಿವಲಿಯ ಕನ್ನಡ ಮನೆಗಳ ಮಕ್ಕಳಿಗಾಗಿ ರವಿವಾರ ಬೆಳಿಗ್ಗೆ ನಡೆಯುವ ನಮ್ಮ ಗಣಿತದ ತರಗತಿಯಲ್ಲಿ ಈ ಒಂಬತ್ತು ಅಂಕಿಗಳ ಸಂಖ್ಯೆಯನ್ನು ಪಾಠವಾಗಿ ಇಟ್ಟುಕೊಂಡಿದ್ದೇವೆ. ಮಕ್ಕಳಿಂದಲೂ ಅವರ ತಂದೆತಾಯಿಯರಿಂದಲೂ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದೆ. ಯಾವ ಲೆಕ್ಕಕ್ಕೂ ಕಾಗದ ಮತ್ತು ಪೆನ್ಸಿಲಿಗಿಂತ ಹೆಚ್ಚಿನ ಸಾಧನ ಬೇಕಾಗುವುದಿಲ್ಲ. ಓದುವವರು ಪ್ರತಿಯೊಂದನ್ನೂ ತಾವೇ ಮಾಡಿ ನೋಡಬೇಕೆಂದು ವಿನಂತಿ.

ಇಷ್ಟೊಂದು ಸಂಖ್ಯೆಗಳಿರುವಾಗ ಇದನ್ನೇ ಏಕೆ ಆರಿಸಿಕೊಂಡಿರಿ?

ಇದನ್ನು 7ರಿಂದ ಗುಣಿಸಿದರೆ 1000000001 ಬರುತ್ತದೆ. ಎರಡು ತುದಿಗಳಲ್ಲಿ ಒಂದೊಂದು 1, ನಡುವೆ ಎಂಟು ಸೊನ್ನೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಒಂಬತ್ತನೆಯ ಶತಮಾನದ ಗಣಿತಜ್ಞ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದ ಗುಣಾಕಾರದ ಭಾಗದಲ್ಲಿ ಇಂತಹ ಉತ್ತರ ಬರುವ ಲೆಕ್ಕಗಳನ್ನು ಕೊರಳ ಹಾರಗಳಿಗೆ ಹೋಲಿಸಿ ಕೊಟ್ಟಿದ್ದಾರೆ, 142857143 × 7 ಅವುಗಳಲ್ಲಿ ಒಂದು. ನಮ್ಮ ಆಯ್ಕೆಗೆ ಇನ್ನೊಂದು ಕಾರಣವಿದೆ. ಈ ಸಂಖ್ಯೆಯ ಬಗ್ಗೆ ಕೇಳಬಹುದಾದ ಬಹುತೇಕ ಎಲ್ಲ ಪ್ರಶ್ನೆಗಳಿಗೂ ಉತ್ತರ ಮೇಲಿನ ಆ ಒಂದೇ ಗುಣಾಕಾರದಿಂದ ಹೊರಡುತ್ತದೆ. ಬಿಡಿಬಿಡಿಯಾಗಿ ಅಚ್ಚರಿಯೆಂದು ಕಾಣುವ ಗುಣಗಳು ಒಂದೇ ಬೇರಿನಿಂದ ಬಂದಿವೆಯೆಂಬುದನ್ನು ಮಕ್ಕಳು ಚಿಕ್ಕಂದಿನಲ್ಲೇ ಕಣ್ಣಾರೆ ಕಾಣಲಿ ಎಂಬುದೇ ನಮ್ಮ ಉದ್ದೇಶ.

ಮಹಾವೀರಾಚಾರ್ಯರಿಗೂ ಮುಂಬಯಿಗೂ ಏನು ಸಂಬಂಧ?

ನೇರವಾದ ಸಂಬಂಧವಿಲ್ಲ, ಆದರೆ ಅವರ ಕಾಲಕ್ಕೂ ಈ ನೆಲಕ್ಕೂ ಸಂಬಂಧವಿದೆ. ಮಹಾವೀರಾಚಾರ್ಯರು ತಮ್ಮ ಗ್ರಂಥದ ಆರಂಭದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾರೆ. ಆ ದೊರೆಯ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಉತ್ತರ ಕೊಂಕಣವನ್ನು ಆಗ ಅವನ ಸಾಮಂತರಾದ ಶಿಲಾಹಾರರು ಆಳುತ್ತಿದ್ದರು. ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿರುವ ಕನ್ಹೇರಿ ಗುಹೆಗಳ ಶಿಲಾಹಾರ ಶಾಸನಗಳಲ್ಲಿ ಅಮೋಘವರ್ಷನ ಹೆಸರು ಇಂದಿಗೂ ಇದೆ. ಗ್ರಂಥ ಸಂಸ್ಕೃತದಲ್ಲಿದೆ, ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಸಂಪಾದಿಸಿದ ಆವೃತ್ತಿ 1912ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು.

ಅಲ್ಪವಿರಾಮ ಹಾಕಿ ಬರೆದಾಗ 14, 28, 57 ಎಂದು ಕಾಣುತ್ತದೆ. ಇದು ಕಾಕತಾಳೀಯವೇ?

ಕಾಕತಾಳೀಯವಲ್ಲ. ಕೋಟಿ, ಲಕ್ಷ, ಸಾವಿರ ಎಂದು ಎರಡೆರಡು ಅಂಕಿಗಳಿಗೆ ಅಲ್ಪವಿರಾಮ ಹಾಕುವ ನಮ್ಮ ಕ್ರಮದಲ್ಲಿ ಮಾತ್ರ ಇದು ಕಣ್ಣಿಗೆ ಬೀಳುತ್ತದೆ. ಮೂರು ಮೂರು ಅಂಕಿಗಳಾಗಿ ಒಡೆದರೆ ಮರೆಯಾಗುತ್ತದೆ. ನಮ್ಮ ಸಂಖ್ಯೆ 1000000001ರ ಏಳನೆಯ ಒಂದು ಭಾಗವಾದ್ದರಿಂದ ಅದರ ಮೊದಲ ಅಂಕಿಗಳು 1/7ರ ದಶಮಾಂಶದ ಅಂಕಿಗಳೇ. ಈ 1/7ನ್ನು 14/98 ಎಂದು ಬರೆಯಬಹುದು. 98 ಎಂದರೆ 100ಕ್ಕೆ 2 ಕಡಿಮೆ. ಆದ್ದರಿಂದ 14/98ನ್ನು ದಶಮಾಂಶದಲ್ಲಿ ಬಿಡಿಸಿದಾಗ ಮೊದಲ ಎರಡು ಸ್ಥಾನಗಳಲ್ಲಿ 14, ಮುಂದಿನ ಎರಡರಲ್ಲಿ ಅದರ ಎರಡರಷ್ಟು 28, ಅದರ ಮುಂದೆ 56, ಆಮೇಲೆ 112, 224, ಹೀಗೆ ಕೊನೆಯಿಲ್ಲದೆ ಇಮ್ಮಡಿಯಾಗುತ್ತಾ ಹೋಗುತ್ತದೆ. 112ಕ್ಕೆ ಎರಡು ಸ್ಥಾನಗಳು ಸಾಲದ ಕಾರಣ ಅದರ ನೂರರ ಸ್ಥಾನದ 1 ಹಿಂದಿನ 56ಕ್ಕೆ ಸೇರಿ ಅದು 57 ಆಗುತ್ತದೆ. ಉಳಿದ 12ಕ್ಕೆ 224ರ ದಶಕವಾಗಿ 2 ಸೇರಿ ಪುನಃ 14 ಆಗುತ್ತದೆ. ಹೀಗೆ 14, 28, 57 ಎಂಬ ಸಾಲು ಮರಳಿ ಮರಳಿ ಬರುತ್ತದೆ.

ಕೊನೆಯಲ್ಲಿ 142 ಬರಬೇಕಿತ್ತಲ್ಲ, 143 ಏಕೆ ಬಂದಿದೆ?

ತರಗತಿಯಲ್ಲಿ ಅತಿ ಹೆಚ್ಚು ಬಾರಿ ಬರುವ ಪ್ರಶ್ನೆ ಇದು, ಬರಬೇಕಾದ ಪ್ರಶ್ನೆಯೂ ಹೌದು. 1000000001ನ್ನು 7ರಿಂದ ಉದ್ದಕ್ಕೆ ಭಾಗಿಸಿ ನೋಡಿ. ಮೊದಲು 10ರಲ್ಲಿ 7 ಒಂದು ಸಲ, ಶೇಷ 3. 30ರಲ್ಲಿ ನಾಲ್ಕು ಸಲ, ಶೇಷ 2. 20ರಲ್ಲಿ ಎರಡು ಸಲ, ಶೇಷ 6. 60ರಲ್ಲಿ ಎಂಟು, ಶೇಷ 4. 40ರಲ್ಲಿ ಐದು, ಶೇಷ 5. 50ರಲ್ಲಿ ಏಳು, ಶೇಷ 1. ಇಲ್ಲಿಗೆ ಶೇಷ ಮೊದಲಿನ 1ಕ್ಕೇ ಬಂದು ನಿಂತಿತು. ಮುಂದೆಲ್ಲ ಇದೇ ಸುತ್ತು. ಏಳನೆಯ ಹೆಜ್ಜೆಯಲ್ಲಿ ಶೇಷ 3, ಎಂಟನೆಯದರಲ್ಲಿ 2. ಒಂಬತ್ತನೆಯ ಹೆಜ್ಜೆಗೆ ಇಳಿಸಿಕೊಳ್ಳುವ ಅಂಕಿ ಸೊನ್ನೆಯಾಗಿದ್ದರೆ 20 ಆಗಿ ಭಾಗಲಬ್ಧದಲ್ಲಿ 2 ಬಂದು ಶೇಷ ಉಳಿಯುತ್ತಿತ್ತು. ಆದರೆ ಇಲ್ಲಿ ಇಳಿಯುವುದು ಕೊನೆಯ 1. 20ರ ಬದಲು 21 ಆಗಿ, ಮೂರೇಳಲ ಇಪ್ಪತ್ತೊಂದು ಎಂದು ಶೇಷವಿಲ್ಲದೆ ಲೆಕ್ಕ ಮುಗಿಯುತ್ತದೆ.

ಇದರಿಂದ ಇನ್ನೂ ಒಂದು ವಿಷಯ ತಿಳಿಯುತ್ತದೆ. ಶೇಷ 2 ಬರುವುದು ಎರಡನೆಯ, ಎಂಟನೆಯ, ಹದಿನಾಲ್ಕನೆಯ ಹೆಜ್ಜೆಗಳಲ್ಲಿ, ಅಂದರೆ ಆರಾರು ಹೆಜ್ಜೆಗಳಿಗೊಮ್ಮೆ. ಆದ್ದರಿಂದ ಇಂತಹ ಸಂಖ್ಯೆಗಳಿಗೆ 3, 9, 15, 21 ಹೀಗೆ ಅಂಕಿಗಳಿರಬೇಕು. ಅತಿ ಚಿಕ್ಕದು 143, ಅದನ್ನು 7ರಿಂದ ಗುಣಿಸಿದರೆ 1001. ನಮ್ಮ ಸಂಖ್ಯೆ ಎರಡನೆಯದು. ಮೂರನೆಯದು 142857142857143. ಪ್ರತಿ ಸಲವೂ ಮುಂದೆ ಒಂದು 142857 ಸೇರುತ್ತದೆ, ಬಾಲ ಮಾತ್ರ 143 ಆಗಿಯೇ ಉಳಿಯುತ್ತದೆ.

ಇದು ಅವಿಭಾಜ್ಯ ಸಂಖ್ಯೆಯೇ?

ಅಲ್ಲ. 2, 3, 5, 7 ಇವುಗಳಲ್ಲಿ ಯಾವುದರಿಂದಲೂ ಭಾಗವಾಗದ ಕಾರಣ ಅವಿಭಾಜ್ಯವಿರಬೇಕೆಂದು ಹಲವರು ಊಹಿಸುತ್ತಾರೆ. (7ರಿಂದ ಭಾಗಿಸಿದರೆ ಶೇಷ 2.) ಆದರೆ 11ರ ಪರೀಕ್ಷೆಯಲ್ಲೇ ಗುಟ್ಟು ಬಯಲಾಗುತ್ತದೆ: ಬಲದಿಂದ ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿ ಕಳೆದರೆ 3 − 4 + 1 − 7 + 5 − 8 + 2 − 4 + 1 = −11. ಆದ್ದರಿಂದ ಸಂಖ್ಯೆ 11ರಿಂದ ಭಾಗವಾಗುತ್ತದೆ.

ಇದಕ್ಕಿಂತ ಚೆಲುವಾದ ದಾರಿಯೊಂದಿದೆ. 142857 ಎಂಬುದು 143 × 999. ನಮ್ಮ ಸಂಖ್ಯೆಯಲ್ಲಿ ಮುಂದೆ 142857 ಸಾವಿರ, ಹಿಂದೆ 143 ಇದೆ. ಎರಡರಲ್ಲೂ 143 ಇರುವುದರಿಂದ ಅದನ್ನು ಹೊರಗೆ ತೆಗೆದರೆ ಉಳಿಯುವುದು 999000 + 1. ಹಾಗಾಗಿ

142857143 = 143 × 999001.

143 ಎಂದರೆ 11 × 13. 999001 ಎಂದರೆ 19 × 52579. ಒಟ್ಟಿನಲ್ಲಿ ನಮ್ಮ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳು 11, 13, 19 ಮತ್ತು 52579; ಪ್ರತಿಯೊಂದೂ ಒಂದೇ ಸಲ ಬರುತ್ತದೆ.

52579 ಅವಿಭಾಜ್ಯವೆಂದು ಹೇಗೆ ನಂಬುವುದು?

ನಂಬುವ ಅಗತ್ಯವಿಲ್ಲ, ಸಾಧಿಸಬಹುದು. 52579ರ ವರ್ಗಮೂಲ 229ಕ್ಕಿಂತ ತುಸು ಹೆಚ್ಚು. ಅದು ಒಡೆಯುವುದಾದರೆ 229ರೊಳಗಿನ ಯಾವುದಾದರೊಂದು ಅವಿಭಾಜ್ಯದಿಂದ ಒಡೆಯಲೇಬೇಕು. ಅಂತಹ ಅವಿಭಾಜ್ಯಗಳು 50 ಇವೆ. ಐವತ್ತು ಭಾಗಾಕಾರಗಳನ್ನು ತಾಳ್ಮೆಯಿಂದ ಮಾಡಿದ ಮಕ್ಕಳೂ ನಮ್ಮಲ್ಲಿದ್ದಾರೆ; ಆ ತಾಳ್ಮೆಗೆ ನಮ್ಮ ಗೌರವವಿದೆ. ಆದರೆ ಸ್ವಲ್ಪ ಯೋಚಿಸಿದರೆ ಕೆಲಸ ಎಂಟಕ್ಕೆ ಇಳಿಯುತ್ತದೆ, ಆ ಯೋಚನೆ ಇಡೀ ಪಾಠದಲ್ಲೇ ಅತ್ಯಂತ ಬೆಲೆಯುಳ್ಳದ್ದೆಂದು ನಮ್ಮ ಅಭಿಪ್ರಾಯ.

999001ನ್ನು ಭಾಗಿಸುವ ಯಾವುದೋ ಒಂದು ಅವಿಭಾಜ್ಯವನ್ನು ತೆಗೆದುಕೊಳ್ಳಿ. 999001 × 1001 = 10⁹ + 1 ಆಗಿರುವುದರಿಂದ ಆ ಅವಿಭಾಜ್ಯ 10⁹ + 1ನ್ನೂ ಭಾಗಿಸುತ್ತದೆ. ಹಾಗಾದರೆ ಅದು (10⁹ + 1)(10⁹ − 1), ಅಂದರೆ 10¹⁸ − 1ನ್ನೂ ಭಾಗಿಸುತ್ತದೆ. ಇದರ ಅರ್ಥವೇನೆಂದರೆ, 1ನ್ನು ಆ ಅವಿಭಾಜ್ಯದಿಂದ ಭಾಗಿಸಿದಾಗ ದಶಮಾಂಶದಲ್ಲಿ ಮರಳಿ ಬರುವ ಅಂಕಿಗಳ ಸುತ್ತಿನ ಉದ್ದ 18ನ್ನು ಭಾಗಿಸುವ ಸಂಖ್ಯೆಯಾಗಿರಬೇಕು. ಆದರೆ 9ನ್ನು ಭಾಗಿಸಬಾರದು, ಏಕೆಂದರೆ 10⁹ನ್ನು ಅದರಿಂದ ಭಾಗಿಸಿದಾಗ ಉಳಿಯುವುದು 1 ಅಲ್ಲ, −1. ಉಳಿದ ಸಾಧ್ಯತೆಗಳು 2, 6, 18. ಸುತ್ತು 2 ಅಥವಾ 6 ಆಗಿದ್ದರೆ ಆ ಅವಿಭಾಜ್ಯ 999999ನ್ನು ಭಾಗಿಸಬೇಕು. ಅದರ ಅವಿಭಾಜ್ಯ ಅಪವರ್ತನಗಳು 3, 7, 11, 13, 37 ಮಾತ್ರ. 999001 = 998 × 1001 + 3 ಆದ್ದರಿಂದ 7, 11, 13 ಮೂರೂ ಅದನ್ನು ಭಾಗಿಸುವುದಿಲ್ಲ. 3 ಮತ್ತು 37 ಎರಡೂ 999ನ್ನು ಭಾಗಿಸುತ್ತವೆ, ಆದ್ದರಿಂದ 999000ನ್ನೂ ಭಾಗಿಸುತ್ತವೆ. 999001ರಲ್ಲಿ 1 ಉಳಿಯುತ್ತದೆ. ಹೀಗೆ ಸುತ್ತಿನ ಉದ್ದ 18 ಆಗದೆ ಬೇರೆ ದಾರಿಯಿಲ್ಲ.

ಫರ್ಮಾನ ಪ್ರಮೇಯದ ಪ್ರಕಾರ ಸುತ್ತಿನ ಉದ್ದ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆಯಿರುವ ಸಂಖ್ಯೆಯನ್ನು ಭಾಗಿಸಲೇಬೇಕು. ಆದ್ದರಿಂದ ನಾವು ಹುಡುಕುವ ಅವಿಭಾಜ್ಯ 18ರ ಗುಣಕಕ್ಕಿಂತ ಒಂದು ಹೆಚ್ಚಿರಬೇಕು. 229ರೊಳಗೆ ಅಂತಹವು 19, 37, 73, 109, 127, 163, 181, 199 ಮಾತ್ರ. 52579ನ್ನು ಇವುಗಳಿಂದ ಭಾಗಿಸಿದಾಗ ಕ್ರಮವಾಗಿ 6, 2, 19, 41, 1, 93, 89, 43 ಶೇಷ ಉಳಿಯುತ್ತವೆ. ಒಂದೂ ಸೊನ್ನೆಯಲ್ಲ, 52579 ಅವಿಭಾಜ್ಯ.

ಎಷ್ಟು ಭಾಜಕಗಳಿವೆ? ಇದು ಪರಿಪೂರ್ಣ ಸಂಖ್ಯೆಯೇ?

ನಾಲ್ಕು ಬೇರೆ ಬೇರೆ ಅವಿಭಾಜ್ಯಗಳಿರುವುದರಿಂದ 16 ಭಾಜಕಗಳು: 1, 11, 13, 19, 143, 209, 247, 2717, 52579, 578369, 683527, 999001, 7518797, 10989011, 12987013 ಮತ್ತು ಸ್ವತಃ ಆ ಸಂಖ್ಯೆ. ಇವೆಲ್ಲವುಗಳ ಮೊತ್ತ 12 × 14 × 20 × 52580 = 17,66,68,800. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 3,38,11,657 ಮಾತ್ರ. ಪರಿಪೂರ್ಣ ಸಂಖ್ಯೆಯಲ್ಲಿ ಈ ಮೊತ್ತ ಆ ಸಂಖ್ಯೆಗೇ ಸಮವಾಗಿರಬೇಕು. ಇಲ್ಲಿ ಅದಕ್ಕಿಂತ ಬಹಳ ಕಡಿಮೆಯಾದ್ದರಿಂದ ಪರಿಪೂರ್ಣವಲ್ಲ.

142857ನ್ನು 2, 3, 4ರಿಂದ ಗುಣಿಸಿದರೆ ಅದೇ ಅಂಕಿಗಳು ಸುತ್ತುತ್ತವೆ. ಇದೂ ಹಾಗೆಯೇ?

ಬಹುಮಟ್ಟಿಗೆ ಹಾಗೆಯೇ. 2ರಿಂದ 6ರವರೆಗೆ ಗುಣಿಸಿದರೆ 285714286, 428571429, 571428572, 714285715, 857142858 ಬರುತ್ತವೆ. ಪ್ರತಿಯೊಂದರ ಕೊನೆಯಲ್ಲಿ 1 ಕಳೆದು ನೋಡಿ: 2/7, 3/7, 4/7, 5/7, 6/7 ಇವುಗಳ ದಶಮಾಂಶದ ಮೊದಲ ಒಂಬತ್ತು ಅಂಕಿಗಳು ಯಥಾವತ್ತಾಗಿ ಸಿಗುತ್ತವೆ. 7ರಿಂದ ಗುಣಿಸಿದಾಗ 142857ಕ್ಕೆ 999999 ಬಂದರೆ ಇದಕ್ಕೆ 1000000001 ಬರುತ್ತದೆ. 14ರಿಂದ ಗುಣಿಸಿದರೆ 2000000002, 63ರಿಂದ ಗುಣಿಸಿದರೆ 9000000009.

ಕಾಪ್ರೇಕರ್ ಸಂಖ್ಯೆ ಎಂಬುದಿದೆಯಲ್ಲ, ಇದು ಆ ಜಾತಿಗೆ ಸೇರುತ್ತದೆಯೇ?

ಈ ಪ್ರಶ್ನೆ ಪುಣೆಯ ಕಾಲೇಜೊಂದರಲ್ಲಿ ಓದುವ ನಮ್ಮ ಹಳೆಯ ವಿದ್ಯಾರ್ಥಿನಿಯದು. ಇದಕ್ಕೆ ವಿಸ್ತಾರವಾಗಿಯೇ ಉತ್ತರಿಸಬೇಕಾಗಿದೆ. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅವರು 1905ರಲ್ಲಿ ಮುಂಬಯಿಗೆ ಉತ್ತರದಲ್ಲಿರುವ ಡಹಾಣೂವಿನಲ್ಲಿ ಹುಟ್ಟಿ, ಠಾಣೆಯಲ್ಲಿಯೂ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿಯೂ ಓದಿ, ನಾಶಿಕದ ಬಳಿಯ ದೇವಳಾಲಿಯಲ್ಲಿ 1962ರವರೆಗೆ ಶಾಲಾ ಶಿಕ್ಷಕರಾಗಿದ್ದರು. 6174ರ ಗುಣವನ್ನು (ಎಲ್ಲವೂ ಒಂದೇ ಅಲ್ಲದ ನಾಲ್ಕು ಅಂಕಿಗಳನ್ನು ಇಳಿಕೆಯ ಮತ್ತು ಏರಿಕೆಯ ಕ್ರಮದಲ್ಲಿ ಬರೆದು ಕಳೆಯುತ್ತಾ ಹೋದರೆ ಕೊನೆಗೆ 6174ಕ್ಕೇ ಬಂದು ನಿಲ್ಲುವುದನ್ನು) 1949ರಲ್ಲಿ ಜಗತ್ತಿಗೆ ತಿಳಿಸಿದವರು ಅವರೇ. ಒಂದು ಸಂಖ್ಯೆಯ ವರ್ಗವನ್ನು ಎರಡು ತುಂಡು ಮಾಡಿ ಕೂಡಿದಾಗ ಮೂಲ ಸಂಖ್ಯೆಯೇ ಬಂದರೆ ಅದನ್ನು ಕಾಪ್ರೇಕರ್ ಸಂಖ್ಯೆ ಎನ್ನುತ್ತಾರೆ. 45ರ ವರ್ಗ 2025, 20 + 25 = 45. 297ರ ವರ್ಗ 88209, 88 + 209 = 297. ನಮ್ಮ ಸಂಖ್ಯೆಯ ಮೊದಲ ಆರು ಅಂಕಿಗಳಾದ 142857 ಕೂಡ ಈ ಸಾಲಿಗೆ ಸೇರುತ್ತದೆ: ಅದರ ವರ್ಗ 20408122449, ಮತ್ತು 20408 + 122449 = 142857.

142857143 ಮಾತ್ರ ಕಾಪ್ರೇಕರ್ ಸಂಖ್ಯೆಯಲ್ಲ. ಆದರೂ ಅದರ ವರ್ಗವನ್ನು ಒಡೆದು ನೋಡದೆ ಬಿಡಬೇಡಿ. ವರ್ಗ 20408163306122449. ಬಲದಿಂದ ಒಂಬತ್ತು ಅಂಕಿಗಳನ್ನು ಬೇರೆ ಮಾಡಿದರೆ ಎಡಕ್ಕೆ 20408163, ಬಲಕ್ಕೆ 306122449. ಇವುಗಳನ್ನು ಕೂಡದೆ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ: 285714286. ಇದು ನಮ್ಮ ಸಂಖ್ಯೆಯ ಸರಿಯಾಗಿ ಎರಡರಷ್ಟು.

ಕಾರಣ ಪುನಃ ಅದೇ ಮೊದಲ ಗುಣಾಕಾರದಲ್ಲಿದೆ. ನಮ್ಮ ಸಂಖ್ಯೆಯನ್ನು 7ರಿಂದ ಭಾಗಿಸಿದಾಗ ಶೇಷ 2 ಎಂದು ಹೇಳಿದ್ದೆವು; ಅದರಿಂದ 2 ಕಳೆದರೆ 142857141 = 7 × 20408163. ಹಾಗಾಗಿ ಸಂಖ್ಯೆಯನ್ನು ತನಗಿಂತ 2 ಕಡಿಮೆಯಿರುವ ಸಂಖ್ಯೆಯಿಂದ ಗುಣಿಸಿದರೆ, ಆ 7 ನಮ್ಮ ಸಂಖ್ಯೆಯೊಂದಿಗೆ ಸೇರಿ 1000000001 ಆಗುತ್ತದೆ. ಗುಣಲಬ್ಧ 20408163 × 1000000001. ಇದರಲ್ಲಿ 20408163 ಎಡಭಾಗದಲ್ಲೊಮ್ಮೆ, ಬಲಭಾಗದಲ್ಲೊಮ್ಮೆ ಕಾಣಿಸಿಕೊಳ್ಳುತ್ತದೆ. ಪೂರ್ಣ ವರ್ಗ ಬೇಕಾದರೆ ಸಂಖ್ಯೆಯ ಎರಡರಷ್ಟನ್ನು ಇದಕ್ಕೆ ಸೇರಿಸಬೇಕು, ಮತ್ತು ಅದೆಲ್ಲವೂ ಬಲಭಾಗಕ್ಕೇ ಸೇರುತ್ತದೆ. ಆದ್ದರಿಂದಲೇ ಎರಡು ಭಾಗಗಳ ವ್ಯತ್ಯಾಸ ಸಂಖ್ಯೆಯ ಎರಡರಷ್ಟು. 142857ರಲ್ಲಿ 7ರಿಂದ ಗುಣಿಸಿದಾಗ 10⁶ಕ್ಕೆ ಒಂದು ಕಡಿಮೆ ಬರುವುದರಿಂದ ಕೂಡಿಸಬೇಕಾಯಿತು. ಇಲ್ಲಿ 10⁹ಕ್ಕೆ ಒಂದು ಹೆಚ್ಚು ಬರುವುದರಿಂದ ಕಳೆಯಬೇಕಾಯಿತು.

ಕಾಪ್ರೇಕರ್ ಅವರ ಉಳಿದ ಪರೀಕ್ಷೆಗಳು?

ಎರಡನ್ನು ಮಾಡಿ ನೋಡಿದ್ದೇವೆ. ತನ್ನ ಅಂಕಿಗಳ ಮೊತ್ತದಿಂದ ಭಾಗವಾಗುವ ಸಂಖ್ಯೆಗೆ ಅವರು ಹರ್ಷದ ಸಂಖ್ಯೆ ಎಂದರು. ನಮ್ಮದರ ಅಂಕಿಗಳ ಮೊತ್ತ 35. ಕೊನೆಯ ಅಂಕಿ 3 ಆದ್ದರಿಂದ 5ರಿಂದಲೇ ಭಾಗವಾಗದು, ಹರ್ಷದವಲ್ಲ. ಇನ್ನೊಂದು, ಬೇರೆ ಯಾವ ಸಂಖ್ಯೆಗೂ ಅದರ ಅಂಕಿಗಳ ಮೊತ್ತವನ್ನು ಸೇರಿಸಿ ಪಡೆಯಲಾಗದ ಸಂಖ್ಯೆ. ತಮ್ಮ ಊರಿನ ಹೆಸರಿನಿಂದ ಅದನ್ನು ಅವರು ದೇವಳಾಲಿ ಸಂಖ್ಯೆ ಎಂದೂ ಕರೆದರು. ನಮ್ಮದು ಅದೂ ಅಲ್ಲ: 142857112ರ ಅಂಕಿಗಳ ಮೊತ್ತ 31, ಎರಡನ್ನೂ ಕೂಡಿದರೆ 142857143. ಹೀಗೆ ಇದನ್ನು ಹುಟ್ಟಿಸುವ ಸಂಖ್ಯೆ ಇದೊಂದೇ, ಬೇರೆ ಇಲ್ಲ.

ಇದನ್ನು ವರ್ಗಗಳ ಮೊತ್ತವಾಗಿ ಬರೆಯಬಹುದೇ?

ಎರಡು ವರ್ಗಗಳಿಂದಲೂ ಸಾಧ್ಯವಿಲ್ಲ, ಮೂರರಿಂದಲೂ ಸಾಧ್ಯವಿಲ್ಲ. ಯಾವುದೇ ವರ್ಗವನ್ನು 8ರಿಂದ ಭಾಗಿಸಿದರೆ ಶೇಷ 0, 1 ಅಥವಾ 4 ಮಾತ್ರ. ಮೂರು ವರ್ಗಗಳನ್ನು ಹೇಗೆ ಕೂಡಿದರೂ ಶೇಷ 7 ಬರುವುದಿಲ್ಲ. ನಮ್ಮ ಸಂಖ್ಯೆಯ ಶೇಷ 7. ಆದ್ದರಿಂದ ನಾಲ್ಕು ವರ್ಗಗಳೇ ಬೇಕು, ನಾಲ್ಕು ಸಾಕೆಂದು ಲಗ್ರಾಂಜ್ 1770ರಲ್ಲಿ ಎಲ್ಲ ಸಂಖ್ಯೆಗಳಿಗೂ ಸಾಧಿಸಿದ್ದಾರೆ. ಒಂದು ಉದಾಹರಣೆ:

11951² + 175² + 9² + 6² = 142857143.

ವರ್ಗಗಳ ವ್ಯತ್ಯಾಸವಾಗಿ ಬರೆಯುವುದು ಸುಲಭ. 2717 × 52579 ಎಂಬ ಜೋಡಿಯಿಂದ 27648² − 24931² ಸಿಗುತ್ತದೆ.

1ನ್ನು ಇದರಿಂದ ಭಾಗಿಸಿದರೆ ಏನಾಗುತ್ತದೆ?

0.000000006999999993 ಎಂಬ ಹದಿನೆಂಟು ಅಂಕಿಗಳ ಸುತ್ತು ಕೊನೆಯಿಲ್ಲದೆ ಮರಳುತ್ತದೆ. ಒಂಬತ್ತೊಂಬತ್ತು ಅಂಕಿಗಳಾಗಿ ಕತ್ತರಿಸಿ ಕೂಡಿದರೆ 6 + 999999993 = 999999999. ಇದರ ಅವಿಭಾಜ್ಯ ಅಪವರ್ತನವಾದ 52579ಕ್ಕೂ ಹದಿನೆಂಟೇ ಅಂಕಿಗಳ ಸುತ್ತು: 0.000019018999980981. ಇದನ್ನೂ ಅರ್ಧಕ್ಕೆ ಕತ್ತರಿಸಿ ಕೂಡಿದರೆ ಒಂಬತ್ತು ಒಂಬತ್ತುಗಳೇ ಬರುತ್ತವೆ. ಮೇಲೆ ಹದಿನೆಂಟರ ಬಗ್ಗೆ ಮಾಡಿದ ವಾದ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಕ್ಯಾಲ್ಕುಲೇಟರಿನಲ್ಲಿ ವರ್ಗ ಸರಿಯಾಗಿ ಬರುವುದಿಲ್ಲವೇಕೆ?

ಅಂಗಡಿ, ಹೋಟೆಲುಗಳ ಗಲ್ಲಾದ ಮೇಲಿರುವ ಕ್ಯಾಲ್ಕುಲೇಟರಿನಲ್ಲಿ ಸಾಮಾನ್ಯವಾಗಿ 12 ಅಂಕಿಗಳಿಗೆ ಜಾಗ. ನಮ್ಮ ವರ್ಗಕ್ಕೆ 17 ಅಂಕಿ. ಎಕ್ಸೆಲ್ ಕೂಡ 15 ಅಂಕಿಗಳನ್ನಷ್ಟೇ ಉಳಿಸಿಕೊಂಡು ಮುಂದಿನವುಗಳಿಗೆ ಸೊನ್ನೆ ತುಂಬುವುದರಿಂದ ಕೊನೆಯಲ್ಲಿ 449ರ ಬದಲು 400 ತೋರಿಸುತ್ತದೆ. ಕಾಗದದ ಮೇಲೆ ಮೂರು ಮೂರು ಅಂಕಿಗಳ ತುಂಡು ಮಾಡಿ ಗುಣಿಸಿದರೆ ಹತ್ತು ನಿಮಿಷದೊಳಗೆ ಪೂರ್ಣ ಉತ್ತರ ಸಿಗುತ್ತದೆ. ಅಥವಾ ಮೇಲೆ ಹೇಳಿದಂತೆ 20408163ನ್ನು ಎರಡು ಕಡೆ ಬರೆದು ಬಲಭಾಗಕ್ಕೆ 285714286 ಸೇರಿಸಿದರೆ ಒಂದೇ ನಿಮಿಷ ಸಾಕು.

ಇದು ಅದೃಷ್ಟದ ಸಂಖ್ಯೆಯೇ?

ಅಲ್ಲ. ಗಾಡಿಗೋ ಮೊಬೈಲಿಗೋ ಇದರ ಅಂಕಿಗಳನ್ನು ಪಡೆದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಮಹಾವೀರಾಚಾರ್ಯರ ಬೇರೆ ಹಾರಗಳನ್ನು ಮಕ್ಕಳಿಗೆ ಕೊಡಬಹುದೇ?

ಖಂಡಿತ ಕೊಡಿ. 139 × 109 = 15151 ಐದನೆಯ ತರಗತಿಯ ಮಗುವಿಗೂ ಸಾಧ್ಯ. 152207 × 73 = 11111111, 12345679 × 9 = 111111111, 27994681 × 441 = 12345654321 ಸ್ವಲ್ಪ ದೊಡ್ಡವರಿಗೆ. 333333666667 × 33 = 11000011000011 ಎಂಬುದನ್ನು ಮೊದಲು 3ರಿಂದ, ಬಳಿಕ 11ರಿಂದ ಗುಣಿಸಲು ಹೇಳಿ. 14287143 × 7 ಮಾತ್ರ ನಮ್ಮ ಸಂಖ್ಯೆಗೆ ಬಹಳ ಹತ್ತಿರದ್ದಾಗಿ ಕಾಣುತ್ತದೆ, ನಡುವಿನ ಒಂದು 5 ಕಾಣೆಯಾಗಿದೆ ಅಷ್ಟೇ. ಅದರ ಉತ್ತರ 100010001. ಇಲ್ಲಿ ನಡುವಿನ 1 ಎಲ್ಲಿಂದ ಬಂತೆಂಬುದನ್ನು 143ರ ಪ್ರಶ್ನೆಗೆ ಮಾಡಿದಂತೆಯೇ ಉದ್ದ ಭಾಗಾಕಾರದ ಶೇಷಗಳನ್ನು ಒಂದೊಂದಾಗಿ ಬರೆದುಕೊಂಡು ಕಂಡುಹಿಡಿಯಬೇಕು. ನಾಲ್ಕನೆಯ ಹೆಜ್ಜೆಯಲ್ಲಿ ಶೇಷ 6 ಇದ್ದಾಗ ಇಳಿಯುವ ಅಂಕಿ ಯಾವುದೆಂದು ನೋಡಿಕೊಂಡರೆ ದಾರಿ ಸಿಗುತ್ತದೆ.